ಆಟದಲ್ಲಿ ಸಾವು ಎಷ್ಟು ಹತ್ತಿರವಿರಬೇಕು

ನಮ್ಮ ಆಟದಲ್ಲಿ ಚಿರತೆ ಸಣ್ಣ ಪ್ರಾಣಿ. ಹೊಸಬರಿಗೆ ಕೈ ಪಳಗಲಿ ಎಂದು ಮೊದಮೊದಲು ಎದುರಿಗೆ ಬಿಡುವಂಥದ್ದು. ಎರಡು ಒಳ್ಳೆಯ ಏಟು ಬಿದ್ದರೆ ಸತ್ತಿತು. ಅದು ಕಚ್ಚಿದರೂ ಒಂದು ರಾತ್ರಿ ಮಲಗಿ ಎದ್ದರೆ ಗಾಯ ಮಾಯ.

ಈ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬೋರ್ಡ್ ಇಲ್ಲ, ಕಾಯಿಗಳಿಲ್ಲ. ಮೇಜಿನ ಸುತ್ತ ಕೂತು ಕಥೆ ಕಟ್ಟುವುದೇ ಆಟ. ಒಬ್ಬ ಕಥೆ ನಡೆಸುತ್ತಾನೆ: ಕಾಡು, ಕೋಟೆ, ಕಳ್ಳರು, ರಾಕ್ಷಸರು ಎಲ್ಲ ಅವನ ಪಾಲಿಗೆ. ಉಳಿದವರು ಒಬ್ಬೊಬ್ಬ ಯೋಧನೋ ಮಂತ್ರಗಾತಿಯೋ ಆಗಿ, ನಾನು ಹೀಗೆ ಮಾಡುತ್ತೇನೆ ಎಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಇಷ್ಟು ಪ್ರಾಣ ಎಂದು ಅಂಕ ಇರುತ್ತದೆ. ಏಟು ಬಿದ್ದಷ್ಟೂ ಅದು ಇಳಿಯುತ್ತದೆ. ಸೊನ್ನೆಯಾದರೂ ತಕ್ಷಣ ಸಾಯುವುದಿಲ್ಲ, ಬದುಕಿಕೊಳ್ಳಲು ಇನ್ನೂ ಅವಕಾಶ ಸಿಗುತ್ತದೆ.

ನಾವು ಮೂವರೂ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಈ ಹುಚ್ಚು ಹಿಡಿಸಿಕೊಂಡವರು. ಒಬ್ಬ ಗುಬ್ಬಿಯವನು, ಅಪ್ಪನ ಜೊತೆ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುತ್ತಾನೆ. ಇನ್ನೊಬ್ಬಳು ಕುಣಿಗಲ್‌ನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ನಾನು ತುಮಕೂರಿನಲ್ಲೇ ಒಂದು ಕಾಲೇಜಿನ ಲ್ಯಾಬ್ ನೋಡಿಕೊಂಡಿದ್ದೇನೆ. ಆಟ ನಡೆಸುವವನು ಯಾವಾಗಲೂ ನಾನೇ. ಅವರಿಬ್ಬರೂ ಬಸ್ಸು ಹತ್ತಿ ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು.

ಗುಬ್ಬಿಯವನ ಪಾತ್ರ ಒಬ್ಬ ಯೋಧ. ಶತ್ರುಗಳು ಗುಂಪಾಗಿ ಬಂದರೆ ಅವನದು ಒಂದೇ ಉಪಾಯ, ಬಾಗಿಲಿಗೆ ಅಡ್ಡ ನಿಲ್ಲುವುದು. ಬಾಗಿಲಲ್ಲಿ ನಿಂತರೆ ಒಬ್ಬೊಬ್ಬರೇ ಎದುರಾಗುತ್ತಾರೆ, ಹಿಂದಿರುವ ಮಂತ್ರಗಾತಿ, ಅಂದರೆ ಕುಣಿಗಲ್‌ನವಳ ಪಾತ್ರ, ಸುರಕ್ಷಿತ. ನಮ್ಮ ಮೇಜಿನ ಮೇಲೆ ಅದು ಎಷ್ಟು ರೂಢಿಯಾಗಿತ್ತೆಂದರೆ, ನಾನು ಹೊಸ ಕೋಣೆಯನ್ನು ವರ್ಣಿಸುವಾಗ ಅವನು ಕೇಳುವ ಮೊದಲ ಪ್ರಶ್ನೆಯೇ, "ಬಾಗ್ಲು ಎಷ್ಟದೆ?"

ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರ ಅವನ ಚಿಕ್ಕಪ್ಪನ ತೋಟವಿದೆ. ಆ ಭಾನುವಾರ ಅಲ್ಲೇ ಊಟ, ಅಲ್ಲೇ ಆಟ ಎಂದು ಹೋಗಿದ್ದೆವು. ಬೆಳಿಗ್ಗೆ ಇನ್ನೂ ತಿಂಡಿ ತಿನ್ನುತ್ತಿದ್ದಾಗ ಪಕ್ಕದ ತೋಟದವರು ಬಂದು, ನಾಯಿ ಅಟ್ಟಿಸಿಕೊಂಡು ಬಂದ ಚಿರತೆ ನಿಮ್ಮ ಕೊಬ್ಬರಿ ಶೆಡ್ಡಿಗೆ ನುಗ್ಗಿದೆ ಎಂದರು. ಚಿಕ್ಕಪ್ಪ ಅರಣ್ಯದವರಿಗೆ ಫೋನ್ ಮಾಡಿದರು. ಅವರು ಹೊರಟಿದ್ದೇವೆ ಎಂದರು. ಅಷ್ಟರಲ್ಲಿ ಊರೇ ಬಂದು ನಿಂತಿತ್ತು. ಅರ್ಧ ಜನರ ಕೈಯಲ್ಲಿ ದೊಣ್ಣೆ, ಅರ್ಧ ಜನರ ಕೈಯಲ್ಲಿ ಮೊಬೈಲು.

ಶೆಡ್ಡಿಗೆ ಒಂದೇ ಬಾಗಿಲು. ಅದರ ಹಲಗೆ ಕಿತ್ತು ಎಷ್ಟೋ ಕಾಲವಾಗಿತ್ತು. ಮುಚ್ಚಲು ಏನೂ ಇರಲಿಲ್ಲ. ನನ್ನ ಗೆಳೆಯ ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು ಹೋಗಿ ಆ ಬಾಗಿಲಲ್ಲಿ ನಿಂತ. ಒಂದು ಕಾಲು ಮುಂದೆ, ಹಾರೆ ಮೇಲೆ. ಯಾರೂ ಬೇಡ ಎನ್ನಲಿಲ್ಲ. ಕುಣಿಗಲ್‌ನವಳಿಗಾಗಲಿ ನನಗಾಗಲಿ ಅದು ತಪ್ಪು ಎಂದು ಹೊಳೆಯಲೂ ಇಲ್ಲ. ಅವನು ಅಲ್ಲಿ ನಿಂತದ್ದು ನಮ್ಮ ಕಣ್ಣಿಗೆ ಸಹಜವಾಗಿಯೇ ಕಂಡಿತು. ಒಳಗಿರುವ ಪ್ರಾಣಿಗೆ ಹೊರಗೆ ಹೋಗಲು ಇರುವುದು ಅದೊಂದೇ ದಾರಿ ಎಂಬುದನ್ನು, ನೂರಾರು ಬಾಗಿಲುಗಳಲ್ಲಿ ಕಾದಾಡಿದ ನಾವು ಯಾರೂ ಯೋಚಿಸಲಿಲ್ಲ. ಆಟದಲ್ಲಿ ಶತ್ರುವಿಗೆ ಹೊರಗೆ ಹೋಗುವ ಆಸೆ ಇರುವುದಿಲ್ಲ.

ಯಾರೋ ಶೆಡ್ಡಿನ ತಗಡಿಗೆ ಕಲ್ಲು ಹೊಡೆದರು.

ಆಟದಲ್ಲಿ ಎಲ್ಲರಿಗೂ ಸರದಿ ಬರುತ್ತದೆ. ಮೊದಲು ಇವನು, ಆಮೇಲೆ ಅದು, ಆಮೇಲೆ ಅವಳು. ಅಲ್ಲಿ ಯಾರಿಗೂ ಸರದಿ ಬರಲಿಲ್ಲ. ಎತ್ತಿದ ಹಾರೆ ಬೀಸುವ ಮೊದಲೇ ಅವನು ನೆಲದ ಮೇಲಿದ್ದ. ಚಿರತೆ ಅವನ ಜೊತೆ ಹೋರಾಡಲೂ ಇಲ್ಲ. ಅವನನ್ನು ದಾಟಿಕೊಂಡು ಕೆರೆಯ ಕಡೆ ಓಡಿತು, ಅಷ್ಟೆ. ದಾಟುವಾಗ ಬಲ ಭುಜದಿಂದ ಮೊಣಕೈವರೆಗೆ ಸಿಗಿದಿತ್ತು. ನೆತ್ತಿಯ ಚರ್ಮ ಎದ್ದಿತ್ತು. ನಾನು ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ನಿಂತಿದ್ದೆ. ಓಡಿಹೋಗಿ ತನ್ನ ದುಪಟ್ಟಾ ಕಟ್ಟಿದವಳು ಕುಣಿಗಲ್‌ನವಳು.

ಗುಬ್ಬಿಯಲ್ಲಿ ತೋರಿಸಿ, ಅಲ್ಲಿಂದ ತುಮಕೂರಿಗೆ ಕರೆತಂದೆವು. ಅವನು ಉಳಿದ. ಕೈಯೂ ಉಳಿಯಿತು, ಆದರೆ ಬೆರಳುಗಳು ಪೂರ್ತಿ ಮಡಚುವುದಿಲ್ಲ. ನನಗೆ ಒಂದು ಗೀರೂ ಆಗಲಿಲ್ಲ. ಆದರೂ ಎದುರು ಮನೆಯವರು ತಗಡಿನ ಗೇಟು ಎಳೆದರೆ ಇಂದಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಲ್ಯಾಬಿನಲ್ಲಿ ಹುಡುಗರಿಗೆ ವಯರಿಂಗ್ ತೋರಿಸುತ್ತಿರುವಾಗ ನಡುವೆ ಆ ಬಾಗಿಲು ಕಣ್ಣ ಮುಂದೆ ಬರುತ್ತದೆ. ಒಮ್ಮೊಮ್ಮೆ ಅವನು ಅರ್ಧ ಹೆಜ್ಜೆ ಪಕ್ಕಕ್ಕೆ ನಿಂತಿರುತ್ತಾನೆ, ಚಿರತೆ ಸುಮ್ಮನೆ ಹೊರಟುಹೋಗುತ್ತದೆ. ಹಾಗೆ ನೋಡಿ ನೋಡಿ ನನಗೆ ದಣಿವಾಗಿದೆ.

ಅವನ ಬ್ಯಾಂಡೇಜ್ ಬಿಚ್ಚಿದ ಮೇಲೆ ಮತ್ತೆ ಆಟಕ್ಕೆ ಕೂತೆವು. ಕೂರುವ ಮೊದಲೇ ನಾನು ಹೇಳಿದೆ, ಇನ್ನು ಮೇಲೆ ನಮ್ಮ ಆಟದಲ್ಲಿ ಯಾರೂ ಸಾಯುವುದಿಲ್ಲ. ಪ್ರಾಣ ಸೊನ್ನೆಯಾದರೆ ಮೂರ್ಛೆ, ಆಮೇಲೆ ಎಚ್ಚರ. ಇಬ್ಬರೂ ಒಪ್ಪಿದರು. ಕೆಲವು ಭಾನುವಾರ ಹಾಗೇ ನಡೆಯಿತು. ನನ್ನ ಕಳ್ಳರು ಕತ್ತಿಯನ್ನು ಚಪಾತಿ ಲಟ್ಟಣಿಗೆಯ ಹಾಗೆ ಬೀಸುತ್ತಿದ್ದರು. ನನ್ನ ರಾಕ್ಷಸರು ಸೌಮ್ಯವಾಗಿದ್ದರು.

"ಇದೇನ್ ಯುದ್ಧಾನೋ, ನಮ್ಮ ಸ್ಕೂಲಿನ ಮ್ಯೂಸಿಕಲ್ ಚೇರೋ?" ಎಂದಳು ಕುಣಿಗಲ್‌ನವಳು. "ಅದ್ರಲ್ಲಾದ್ರೂ ಒಬ್ರು ಔಟ್ ಆಗ್ತಾರೆ."

ಗುಬ್ಬಿಯವನು ನಗಲಿಲ್ಲ. "ನಂಗೊಂದ್ ಮಾತು ಹೇಳು. ಈ ರೂಲು ನಂಗೋಸ್ಕರನಾ, ನಿಂಗೋಸ್ಕರನಾ?"

"ಎಲ್ರಿಗೂ," ಎಂದೆ.

"ಸುಳ್ಳು ಹೇಳ್ಬ್ಯಾಡ ಕಣ್ಲಾ. ಮನೇಲಿ ಅವ್ವ ಅನ್ನ ಕಲಸಿ ಕೊಡ್ತಾಳೆ. ಅಂಗಡೀಲಿ ಅಪ್ಪ ಚೀಲ ಮುಟ್ಟಕ್ ಬುಡಲ್ಲ. ಬಸ್ಸಲ್ಲಿ ಅಜ್ಜಂದ್ರೆಲ್ಲ ಎದ್ದು ಸೀಟ್ ಕೊಡ್ತಾರೆ. ಇಲ್ಲಿಗ್ ಬಂದ್ರೆ ನೀನೂ ಅದ್ನೇ ಮಾಡ್ತೀಯ. ಕೈ ಹೋದೋನು ನಾನು, ನನ್ ಕ್ಯಾರೆಕ್ಟರ್ ಅಲ್ಲ. ಅವನ್ಗೂ ಬ್ಯಾಂಡೇಜ್ ಸುತ್ಬ್ಯಾಡ."

"ನಿಂಗೆ ಗೊತ್ತಿಲ್ಲ," ಎಂದೆ. "ನೀನು ನೋಡ್ಲಿಲ್ಲ. ನಾನು ನೋಡ್ದೆ."

"ಹೂಂ. ನಂಗೆ ಏನೋ ಹಳದಿ ಬಣ್ಣ ಬಂದಂಗಾಯ್ತು, ಅಷ್ಟೇ. ನೋಡ್ದೋನು ನೀನು. ಅದುಕ್ಕೇ ನಿಂಗೆ ಭಯ. ಭಯ ಪಡು, ಬ್ಯಾಡ ಅನ್ನಲ್ಲ. ಆದ್ರೆ ಸಾವೇ ಇಲ್ದಿರೋ ಆಟಕ್ಕೆ ನಾನು ಇನ್ಮ್ಯಾಕೆ ಬರಲ್ಲ."

ಅವನು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ. ಅದಕ್ಕೇ ನನಗೆ ದಿಗಿಲಾಯಿತು. ಅವನು ಬರದಿದ್ದರೆ ಆಟ ನಿಲ್ಲುತ್ತದೆ. ಆಟ ನಿಂತರೆ ನಾವು ಮೂವರೂ ಹಬ್ಬಕ್ಕೆ ಮೆಸೇಜು ಕಳಿಸುವ ಗೆಳೆಯರಾಗುತ್ತೇವೆ. ನನಗಂತೂ ಆ ಬೆಳಿಗ್ಗೆಯ ಬಗ್ಗೆ ವಿವರಿಸದೆಯೇ ಕೂರಬಹುದಾದ ಜನ ಬೇರೆ ಯಾರೂ ಇಲ್ಲ.

ಕುಣಿಗಲ್‌ನವಳು ಚಹಾದ ಲೋಟ ಕೆಳಗಿಟ್ಟಳು. "ಇಬ್ರೂ ಸ್ವಲ್ಪ ಸುಮ್ನಿರಿ. ಸಾಯ್ಬೇಕೋ ಬೇಡ್ವೋ ಆಮೇಲೆ. ನಮ್ಮ ಆಟದಲ್ಲಿ ಒಂದ್ ಪ್ರಾಣಿನಾದ್ರೂ ಯಾವತ್ತಾದ್ರೂ ಓಡೋಗಿದ್ಯಾ? ಎಲ್ಲಾ ಸಾಯೋವರ್ಗೂ ನಿಂತ್ಕೊಂಡು ಹೊಡೆಸ್ಕೊಳ್ತವೆ. ನಾವೂ ಅಷ್ಟೇ. ಒಂದ್ ನಿದ್ದೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅಂತ ಗೊತ್ತಿದ್ರೆ ಯಾರು ಓಡ್ತಾರೆ?"

ಆ ಮಧ್ಯಾಹ್ನ ಆಡಲಿಲ್ಲ, ನಿಯಮ ಮಾಡುತ್ತ ಕೂತೆವು. ಗಾಯ ಒಂದು ರಾತ್ರಿಯಲ್ಲಿ ಮಾಯುವುದಿಲ್ಲ, ಕಥೆಯೊಳಗೆ ವಾರಗಟ್ಟಲೆ ಉಳಿಯುತ್ತದೆ. ಸೊನ್ನೆ ಎಂದರೆ ಸಾವು. ಯಾರು ಬೇಕಾದರೂ ಓಡಬಹುದು, ಓಡಿದವರನ್ನು ಹಂಗಿಸುವಂತಿಲ್ಲ. ನನ್ನ ಕಡೆಯ ಪ್ರಾಣಿಗಳೂ ಕಳ್ಳರೂ ತಮ್ಮ ಜೀವ ನೋಡಿಕೊಳ್ಳುತ್ತಾರೆ. ದಾಳವನ್ನು ಎಲ್ಲರೆದುರೇ ಹಾಕಬೇಕು. ಈ ಕೊನೆಯದನ್ನು ಸೇರಿಸಿದ್ದು ಗುಬ್ಬಿಯವನು. ಅಲ್ಲಿಯವರೆಗೆ ನನ್ನ ದಾಳವನ್ನು ನಾನು ಮರೆಯಲ್ಲಿ ಹಾಕಿ, ಬೇಕೆಂದರೆ ಅಂಕ ಬದಲಿಸಿ ಹೇಳಬಹುದಿತ್ತು; ಹಾಗಾಗಿ ನನಗೆ ಇಷ್ಟವಿರಲಿಲ್ಲ. ಒಪ್ಪಿದೆ.

ವಿಚಿತ್ರವೆಂದರೆ, ಸಾವು ಹತ್ತಿರ ಬಂದ ಮೇಲೆ ಕಾದಾಟ ಕಡಿಮೆಯಾಯಿತು. ಮೊದಲಾದರೆ ಕಂಡವರ ಮೇಲೆಲ್ಲ ಕತ್ತಿ ಎಳೆಯುತ್ತಿದ್ದವರು ಈಗ ಮಾತಾಡುತ್ತಿದ್ದರು, ಸುತ್ತು ಬಳಸಿ ಹೋಗುತ್ತಿದ್ದರು, ಕಳ್ಳರಿಗೆ ಊಟ ಹಾಕಿಸುತ್ತಿದ್ದರು. ಇದೇ ಸರಿ, ಹೀಗೇ ನಡೆದರೆ ಯಾರೂ ಸಾಯಬೇಕಿಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಆದರೆ ಒಂದು ಭಾನುವಾರ ಹಳ್ಳವೊಂದನ್ನು ದಾಟುವಾಗ ಜಗಳ ತಪ್ಪಿಸಲಾಗಲಿಲ್ಲ. ಮಂತ್ರಗಾತಿಯ ಕಾಲು ಹಗ್ಗದಲ್ಲಿ ಸಿಕ್ಕಿತ್ತು, ದಡದಿಂದ ಬಾಣಗಳು ಬರುತ್ತಿದ್ದವು. ಯೋಧನಿಗೆ ಹಳೆಯ ಗಾಯ ಇನ್ನೂ ಮಾಯ್ದಿರಲಿಲ್ಲ.

"ನೀನು ಓಡ್ಬೋದು," ಎಂದೆ.

"ಗೊತ್ತು. ಹಗ್ಗ ಕುಯ್ತೀನಿ."

"ಓಡಿದ್ರೆ ಬಾಣ ತಾಗಲ್ಲ."

"ಕೇಳಿಸ್ತು ಕಣ್ಲಾ. ಹಗ್ಗ ಕುಯ್ತೀನಿ. ಹಾಕು."

ಹಗ್ಗ ತುಂಡಾಯಿತು. ಆಮೇಲೆ ಬಾಣದ ದಾಳ ನಾನು ಹಾಕಬೇಕಿತ್ತು, ಹಾಕಿದೆ. ಅದು ಉರುಳಿ ನಿಂತಿತು. ನಾನು ನೋಡಿದೆ, ಆದರೆ ಸಂಖ್ಯೆ ಬಾಯಿಗೆ ಬರಲಿಲ್ಲ. ಕೊನೆಗೆ ಅವನೇ ಬಗ್ಗಿ ಓದಿದ. ತನ್ನ ಹಾಳೆ ನೋಡಿ ಕಳೆದ.

"ಸತ್ತ," ಎಂದ.

"ಅಯ್ಯೋ, ನನ್ನಿಂದ," ಎಂದಳು ಅವಳು, ಅರ್ಧ ತಮಾಷೆಯಾಗಿ. ಅವಳ ಕಣ್ಣು ಒದ್ದೆಯಾಗಿತ್ತು.

"ನಿಂದೇನಿಲ್ಲ ಬುಡು. ನೀನು ದಾಟಿದ್ಯಲ್ಲ." ಅವನು ತಟ್ಟೆಯ ಪಕೋಡ ತೆಗೆದುಕೊಂಡ. ಗಾಯವಾದ ಮೇಲೆ ಅವನು ಅಷ್ಟು ನಿರಾಳವಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ಯಾರೂ ಅವನ ಪರವಾಗಿ ಆರಿಸಿರಲಿಲ್ಲ. ಅವನೇ ಆರಿಸಿದ್ದ. ಆಮೇಲೆ ಹೊಸ ಹಾಳೆ ಎಳೆದುಕೊಂಡು ಎಡಗೈಯಲ್ಲಿ ಇನ್ನೊಂದು ಪಾತ್ರ ಬರೆಯತೊಡಗಿದ. ಈ ಸಲ ಯೋಧ ಬೇಡ, ವೈದ್ಯ ಮಾಡ್ತೀನಿ, ಎಲ್ರಿಗೂ ಕಹಿ ಕಷಾಯ ಕುಡಿಸ್ತೀನಿ ಎಂದ.

ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ. ಅವನಿಗೆ ಬೇಕಾಗಿದ್ದು ಸಿಕ್ಕಿತ್ತು, ನನ್ನ ಭಾರ ಮಾತ್ರ ಇಳಿದಿರಲಿಲ್ಲ. ಹೊರಗೆ ಬಂದು, ಮುಂದಿನ ವಾರ ನನ್ನ ಕೈಲಿ ನಡೆಸಲು ಆಗುವುದಿಲ್ಲ ಎಂದೆ. ಆಟ ಬೇಡ ಎಂದಲ್ಲ, ದಾಳ ಹಾಕುವುದು ಬೇಡ.

ಅವನು ತಲೆ ಎತ್ತಿ ನನ್ನನ್ನು ನೋಡಿದ. "ಸುಸ್ತಾಗಿದೀಯ. ನಾನು ನಡೆಸ್ತೀನಿ. ನೀನು ಸುಮ್ನೆ ಬಂದು ಆಡು." ಮತ್ತೆ ಹಾಳೆಗೆ ಬಗ್ಗಿದ. "ಕರುಣೆ ಗಿರುಣೆ ಇಲ್ಲ ಮತ್ತೆ."

"ನಂಗೆ ಸ್ವಲ್ಪ ಇರ್ಲಿ," ಎಂದೆ.

ಅವನು ಬರೆಯುವುದನ್ನು ನಿಲ್ಲಿಸಿದ. ಕುಣಿಗಲ್‌ನವಳು ನನ್ನ ಕಡೆ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

"ಆಯ್ತು," ಎಂದ ಅವನು. "ನಿಂಗೆ ಮೊದ್ಲು ಚಿಕ್ಕ ಪುಟ್ಟ ಇಲಿ ಬುಡ್ತೀನಿ."