ಪರಮೇಶ ಬರೆದ ಕಣ್ಣು

ಕೊಡಿಗೇನಹಳ್ಳಿಯಿಂದ ಮೂರು ಮೈಲಿ ಒಳಗಿರುವ ನಮ್ಮೂರಿನಲ್ಲಿ ಪರಮೇಶನನ್ನು ಯಾರೂ ಕಲಾವಿದ ಎಂದು ಕರೆದದ್ದಿಲ್ಲ. ಸೋಮನ ಮುಖ ಮಾಡುವವರ ಮನೆಯವನು ಎನ್ನುತ್ತಿದ್ದರು. ಅಮ್ಮನ ಹಬ್ಬದಲ್ಲಿ ದೇವಿಯ ಮುಂದೆ ಕುಣಿಯುವ ಸೋಮನಿಗೆ ಮೊರದಷ್ಟು ಅಗಲದ ಮರದ ಮುಖ ಬೇಕು. ಅದನ್ನು ಕೆತ್ತಿ ಬಣ್ಣ ಹಚ್ಚುವುದು ಅವನ ಮನೆತನದ ಕೆಲಸ. ಸುತ್ತಲಿನ ಏಳು ಹಳ್ಳಿಯ ಗುಡಿಗಳಲ್ಲಿರುವ ಮುಖಗಳಲ್ಲಿ ಐದು ಅವನ ಕೈಯವೇ.

ಆ ಕೆಲಸಕ್ಕೊಂದು ಕಟ್ಟಳೆಯಿದೆ. ಕಣ್ಣನ್ನು ಕೊನೆಯಲ್ಲಿ ಬರೆಯಬೇಕು. ಕೆತ್ತಿದವನು ಉಪವಾಸವಿದ್ದು, ಗುಡಿಯೊಳಗೆ ದೇವಿಯ ಎದುರು ಕೂತು, ಎರಡು ಕರಿ ಬೊಟ್ಟು ಇಡಬೇಕು. ಅಲ್ಲಿಯತನಕ ಅದು ಮರ. ಮಕ್ಕಳು ಮುಟ್ಟಿದರೂ ಯಾರೂ ಗದರುವುದಿಲ್ಲ. ಬೊಟ್ಟಿಟ್ಟ ಮೇಲೆ ಅದು ಸೋಮ. ಹಬ್ಬದಲ್ಲಿ ಬಿಟ್ಟರೆ ಪೆಟ್ಟಿಗೆಯಿಂದ ಹೊರಗೆ ಬರುವಂತಿಲ್ಲ. ಫೋಟೋ ತೆಗೆಯುವಂತಿಲ್ಲ.

ಪರಮೇಶ ಅಪ್ಪನಿಂದ ಉಳಿ ಹಿಡಿಯುವುದನ್ನು ಕಲಿತ, ಆಮೇಲೆ ಚಿತ್ರಕಲೆಯಲ್ಲಿ ಎರಡು ಡಿಗ್ರಿ ಮುಗಿಸಿದ. ಮಧುಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದ. ಬೇಸಿಗೆ ರಜದಲ್ಲಿ ಸಂಬಳವಿರದ ಕೆಲಸ ಅದು. ಮುಖ ಕೆತ್ತುವುದನ್ನೇ ವಿಷಯವಾಗಿಟ್ಟುಕೊಂಡು ಪಿಎಚ್.ಡಿ. ಮಾಡಬೇಕೆಂಬುದು ಅವನ ಹತ್ತು ವರ್ಷದ ಆಸೆ. ಬರವಣಿಗೆಯ ಜೊತೆಗೆ ತಾನು ಮಾಡಿದ ಮುಖಗಳನ್ನೂ ಪ್ರಬಂಧವೆಂದು ಒಪ್ಪುವ ವಿಶ್ವವಿದ್ಯಾಲಯವೊಂದು ಕೊನೆಗೂ ಸಿಕ್ಕಿತು. ಆಯ್ಕೆಯಾದ ಒಬ್ಬರಿಗೆ ಒಂದು ಟ್ರಸ್ಟು ನಾಲ್ಕು ವರ್ಷ ಫೆಲೋಶಿಪ್ ಕೊಡುತ್ತಿತ್ತು. ಮೂವತ್ತೈದು ತುಂಬಿರಬಾರದು ಎಂಬ ನಿಯಮವಿತ್ತು. ಅವನಿಗೆ ಆಗ ಮೂವತ್ತೈದು ತುಂಬಲು ನಾಲ್ಕು ತಿಂಗಳಿತ್ತು.

ಅವನ ತಾಯಿ ಚಿಕ್ಕಕ್ಕ ಅರ್ಜಿ ತುಂಬುವುದನ್ನು ನೋಡುತ್ತಾ ನಕ್ಕಿದ್ದಳು. "ಇರೋ ಓದ್ಗೇ ಸೊಸೆ ಸಿಗ್ಲಿಲ್ಲ. ಇನ್ನೂ ಓದಿದ್ರೆ ನಾನೂ ನಿಂಗೆ ಸಿಗಾಕಿಲ್ಲ ಕಣ್ಲಾ."

"ಓದಾಕೆ ದುಡ್ಡು ಅವ್ರೇ ಕೊಡ್ತಾರೆ ಕಣವ್ವ."

"ಕೊಡೋರು ಏನೋ ಕೇಳ್ತಾರೆ, ನೋಡ್ಕೊ."

ಗುಡಿಗೆ ಹೂ ಕಟ್ಟುತ್ತಾ ನಾನು ಜಗಲಿಯಲ್ಲಿ ಕೂತಿರುವಾಗ ಅವನು ಬಂದು ಎದುರಿಗೆ ಕೂರುತ್ತಿದ್ದ. ಸಂದರ್ಶನದ ಕಥೆ ಹೇಳಿದ್ದೂ ಅಲ್ಲೇ. ಕಣ್ಣು ಬರೆಯುವ ಮೊದಲೇ ತೆಗೆದಿದ್ದ ಐದು ಮುಖಗಳ ಫೋಟೋ ಕೊಟ್ಟಿದ್ದ. ಬೇರೆ ಫೋಟೋ ಅವನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ತೇಜಸ್ವಿನಿ ಎಂಬ ಪ್ರೊಫೆಸರು ಒಂದೊಂದನ್ನೇ ನೋಡಿ, "ಇವೆಲ್ಲ ಅಪೂರ್ಣ ಕೃತಿಗಳಲ್ವಾ ಪರಮೇಶ್?" ಎಂದರಂತೆ. ಅವನು ಕಟ್ಟಳೆ ವಿವರಿಸಿದ. ಅವರು ತಾಳ್ಮೆಯಿಂದಲೇ ಕೇಳಿದರು.

"ನನಗೆ ಅರ್ಥವಾಗುತ್ತೆ. ಆದರೆ ಸಮಿತಿಯವರು ಅಂಕ ಕೊಡೋದು ಫೋಟೋ ನೋಡಿ. ಹತ್ತು ದಿನ ಸಮಯವಿದೆ. ಮುಗಿದ ಕೃತಿ ಒಂದಾದರೂ ಕಳಿಸಿ."

ಹೊಸ ಮುಖ ಕೆತ್ತಿ ಒಣಗಿಸಿ ಬಣ್ಣ ಹಚ್ಚಲು ಎರಡು ತಿಂಗಳು ಬೇಕು. ಮನೆಯಲ್ಲಿ ಸಿದ್ಧವಿದ್ದದ್ದು ಒಂದೇ, ನಮ್ಮೂರ ಗುಡಿಯ ಹಳೆಯ ಮುಖ ಸೀಳಿದ್ದರಿಂದ ಅದರ ಬದಲಿಗೆಂದು ಅವನು ಕೆತ್ತಿದ್ದ ಮುಖ. ಹಬ್ಬಕ್ಕೆ ಇನ್ನೂ ಆರು ವಾರವಿತ್ತು. ಎಂಟು ದಿನ ಅವನು ಅದನ್ನು ನೋಡುತ್ತಾ ಕಳೆದ. ಒಂಬತ್ತನೆಯ ದಿನ ಚಿಕ್ಕಕ್ಕ ಸಂತೆಗೆ ಹೋದಾಗ, ಶಾಲೆಯ ಮಕ್ಕಳು ಬಳಸುವ ನೀರಿನ ಬಣ್ಣದಿಂದ ಕಣ್ಣು ಬರೆದ. ಹಿತ್ತಿಲ ಹೊಂಗೆಯ ಕೆಳಗಿಟ್ಟು ಫೋಟೋ ತೆಗೆದ. ಒದ್ದೆ ಬಟ್ಟೆಯಿಂದ ಒರೆಸಿದ.

"ಗುಡೀಲಿ ಬರೀದೆ ಇದ್ದ ಕಣ್ಣು ಕಣ್ಣೇ ಅಲ್ಲ ಅಂದ್ಕಂಡೆ ಅಕ್ಕ," ಎಂದು ಆಮೇಲೆ ನನಗೆ ಹೇಳಿದ.

ಸೀಟೂ ಸಿಕ್ಕಿತು, ಫೆಲೋಶಿಪ್ಪೂ ಸಿಕ್ಕಿತು. ಒಂದು ಷರತ್ತಿತ್ತು. ಪೂಜೆಯ ವಸ್ತುವಿನ ಬಗ್ಗೆ ಅಧ್ಯಯನವಾದ್ದರಿಂದ, ಅದನ್ನು ಪೂಜಿಸುವ ಊರಿನ ಲಿಖಿತ ಒಪ್ಪಿಗೆಯನ್ನು ಹದಿನೈದು ದಿನದೊಳಗೆ ಕೊಡಬೇಕು. ಅದು ಅವನಿಗೆ ದೊಡ್ಡ ಮಾತೆನಿಸಲಿಲ್ಲ. ಗುಡಿಯ ಯಜಮಾನ ಓಬಳೇಶ ಅವನಿಗೆ ಸೋದರಮಾವನ ವರಸೆ, ಎತ್ತಿ ಆಡಿಸಿದವನು.

ಆದರೆ ವಿಶ್ವವಿದ್ಯಾಲಯದವರು ಆಯ್ಕೆಯಾದವರ ಹೆಸರಿನ ಜೊತೆಗೆ ಅವರ ಕೃತಿಯ ಫೋಟೋವನ್ನೂ ಫೇಸ್‌ಬುಕ್ಕಿಗೆ ಹಾಕಿದ್ದರು. ಪರಮೇಶ ಒಪ್ಪಿಗೆ ಪತ್ರ ಟೈಪು ಮಾಡಿಸಿಕೊಂಡು ಬಸ್ಸಿಳಿಯುವ ಹೊತ್ತಿಗೆ ಅದು ಊರಿನ ವಾಟ್ಸಾಪ್ ಗುಂಪಿನಲ್ಲಿತ್ತು.

ಓಬಳೇಶ ಗುಡಿಯ ಕಟ್ಟೆಯ ಮೇಲೆ ಕೂತಿದ್ದ. ನಾವು ಏಳೆಂಟು ಜನ ಇದ್ದೆವು. ಅವನು ಫೋನನ್ನು ಮುಂದೆ ಚಾಚಿದ.

"ಇದು ನಮ್ಮೂರ್ ಸೋಮನೇ ಅಲ್ವೇನ್ಲಾ?"

"ಹೂಂ ಮಾವ."

"ಈಗ ಕಣ್ಣೆಲ್ಲೈತೆ?"

"ಒರಸ್ಬುಟ್ಟೆ."

ಯಾರೂ ಕೂಗಾಡಲಿಲ್ಲ. ಹಿಂದೆ ನಿಂತಿದ್ದ ಮುದುಕನೊಬ್ಬ, "ನಾವು ಕುರುಡ ಸೋಮನ್ನ ಕುಣಿಸ್ಬೇಕಾ ಈ ಸಲ?" ಎಂದ. ಅಷ್ಟೇ.

"ತಪ್ಪಾಯ್ತು ಮಾವ. ಈಗ್ಲೇ ಉಪವಾಸ ಇದ್ದು, ಗುಡೀಲೇ ಬರೀತೀನಿ."

"ಒಂದ್ ಮುಖಕ್ಕೆ ಎಲ್ಡ್ ಸಲ ಕಣ್ಣಿಡಾಕಿಲ್ಲ. ನಿಮ್ಮಪ್ಪನೇ ನಂಗೆ ಹೇಳ್ಕೊಟ್ಟಿದ್ದು."

ಪತ್ರವನ್ನು ಓಬಳೇಶ ಎರಡು ಸಲ ಓದಿ ಮಡಿಸಿ ಹಿಂದಕ್ಕೆ ಕೊಟ್ಟ. "ಸೈನ್ ಹಾಕಾಕೆ ನಂಗೇನು ಕೈ ನೋವಿಲ್ಲ ಕಣ್ಲಾ. ಇದ್ರಾಗೆ ಊರು ಒಪ್ಪೈತೆ ಅಂತ ಬರ್ಸಿದ್ದೀಯ. ಊರು ಒಪ್ಪಿಲ್ವಲ್ಲ. ಸುಳ್ಳಿಗೆ ಹೆಂಗ್ ಹಾಕ್ಲಿ?"

ಚಿಕ್ಕಕ್ಕ ಮುಂದೆ ಬಂದು, ತಮ್ಮನ ವರಸೆಯ ಓಬಳೇಶನ ಕಾಲ ಬಳಿ ಕೂತಳು. "ನನ್ ಮಗನ ಜೀವ್ನ ಕಣಪ್ಪ." ಓಬಳೇಶ ಅಕ್ಕನ ಕೈ ಹಿಡಿದು ಎಬ್ಬಿಸಿದ. ಅವನ ಕಣ್ಣಲ್ಲೂ ನೀರಿತ್ತು. ಮಾತು ಬದಲಾಗಲಿಲ್ಲ.

ತಾನು ಕೆತ್ತಿದ ಮುಖಗಳಿರುವ ಐದು ಊರುಗಳಿಗೂ ಪರಮೇಶ ಒಪ್ಪಿಗೆ ಕೇಳಿಕೊಂಡು ಹೋದ. ಅವನಿಗಿಂತ ಮೊದಲೇ ಸುದ್ದಿ ಹೋಗಿತ್ತು. ಒಂದೂರಿನಲ್ಲಿ ನೀರು ಮಜ್ಜಿಗೆ ಕೊಟ್ಟು, "ನಮ್ಮುಖಕ್ಕೂ ಅಂಗೇ ಮಾಡಿದ್ದೀಯೇನಪ್ಪ?" ಎಂದು ಕೇಳಿದರಂತೆ.

ಪ್ರೊಫೆಸರು ಫೋನಿನಲ್ಲಿ ಬೇಸರಪಟ್ಟುಕೊಂಡರು. ಫೋಟೋವನ್ನು ತೆಗೆಸಿದರು. ಆದರೆ ಒಪ್ಪಿಗೆ ಇಲ್ಲದೆ ಟ್ರಸ್ಟಿನವರು ದುಡ್ಡು ಬಿಡುಗಡೆ ಮಾಡುವುದಿಲ್ಲ ಎಂದರು. "ಸ್ವಂತ ಖರ್ಚಲ್ಲಿ ಸೇರ್ಕೊಳ್ತೀರಾ?" ಎಂದು ಕೇಳಿದರು. ಶಾಲೆಯ ಕೆಲಸ ಬಿಟ್ಟು, ಪರ ಊರಿನಲ್ಲಿ ನಾಲ್ಕು ವರ್ಷ, ತಾಯಿಯನ್ನೂ ಸಾಕಿಕೊಂಡು ಇರುವುದು ಹೇಗೆ? ಯೋಚಿಸಿ ಹೇಳುತ್ತೇನೆ ಎಂದ. ಯೋಚಿಸಲು ಏನೂ ಇರಲಿಲ್ಲ.

ದೇವಿಗೆ ನಿಜವಾಗಿ ನೋವಾಗಿತ್ತೇ ಎಂದು ನಾನು ಹೂ ಕಟ್ಟುತ್ತಲೇ ಬಹಳ ದಿನ ಕೇಳಿಕೊಂಡಿದ್ದೇನೆ. ಹಾಗೆ ಕೇಳುವುದೇ ತಪ್ಪೇನೋ.

ಒಪ್ಪಿಗೆ ಪತ್ರ ತಲುಪಿಸಲು ಸಂಜೆ ಐದು ಗಂಟೆ ಕೊನೆ ಎಂದಿದ್ದ ದಿನವೇ, ಕೆಟ್ಟ ಮುಖವನ್ನು ಕೆರೆಗೆ ಬಿಡುವುದೆಂದು ಊರು ತೀರ್ಮಾನಿಸಿತು. ಕೆತ್ತಿದವನೇ ಹೊತ್ತುಕೊಂಡು ಹೋಗಿ ಬಿಡಬೇಕು. ಪರಮೇಶ ತಲೆಯ ಮೇಲೆ ಹೊತ್ತು ಸೊಂಟದುದ್ದ ನೀರಿಗಿಳಿದ. ಹಗುರ ಮರ, ಮುಳುಗಲಿಲ್ಲ. ಒತ್ತಿದರೆ ಹೋಗುತ್ತಿತ್ತು, ಕೈ ಬಿಟ್ಟರೆ ಪಕ್ಕಕ್ಕೆ ವಾಲಿಕೊಂಡು ಮೇಲೆ ಬರುತ್ತಿತ್ತು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಓಬಳೇಶ ಪಂಚೆ ಎತ್ತಿ ಕಟ್ಟಿ, ಒಂದು ಕಲ್ಲು ಮತ್ತು ಹಗ್ಗ ಹಿಡಿದು ತಾನೂ ಇಳಿದ. ಇಬ್ಬರೂ ಸೇರಿ ಕಟ್ಟಿ ಬಿಟ್ಟರು. ಗುಳ್ಳೆ ಬರುವುದು ನಿಂತ ಮೇಲೂ ಪರಮೇಶ ಅಲ್ಲೇ ನಿಂತಿದ್ದ.

"ಈ ಸಲ ಹಬ್ಬಕ್ಕೆ ಮುಖ ಎಲ್ಲಿಂದ ಮಾವ?"

"ಹಿಂದೂಪುರದ ಕಡೆ ಫೈಬರ್ನಾಗೆ ಮಾಡೋರು ಅವ್ರಂತೆ."

"ಮುಂದಿನ ಸಲ?"

ಓಬಳೇಶ ದಡ ಹತ್ತಿ ಪಂಚೆ ಹಿಂಡುತ್ತಿದ್ದ.