ಸೂತಕದ ಮನೆಯ ಟೋಕನ್

ಮನೆಯಿಂದಲೇ ಆಫೀಸಿನ ಮೇಲ್ ನೋಡಲು ಒಬ್ಬೊಬ್ಬರಿಗೂ ಕಂಪನಿಯ ಐಟಿ ವಿಭಾಗದ ನಾನು ಒಂದು ಪುಟ್ಟ ಟೋಕನ್ ಕೊಡುತ್ತಿದ್ದೆ. ಅದು ನಿಮಿಷಕ್ಕೊಂದು ಹೊಸ ನಂಬರ್ ತೋರಿಸುತ್ತಿತ್ತು; ಅದನ್ನು ಒತ್ತಿದರಷ್ಟೇ ಮೇಲ್ ತೆರೆಯುತ್ತಿತ್ತು. ಒಬ್ಬರ ಟೋಕನ್ ಅನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬುದು ಕಂಪನಿಯ ನಿಯಮ.

ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರು ತಾಯಿ ತೀರಿಕೊಂಡ ಮೇಲೆ ಮೇಲ್ ತೆರೆದೇ ಇರಲಿಲ್ಲ. ಸಂಜೆಯೊಳಗೆ ಉತ್ತರ ಬಾರದಿದ್ದರೆ ಕೆಲಸವಿಲ್ಲ ಎಂದುಬಿಟ್ಟರು ಮ್ಯಾನೇಜರ್. ನಾನು ಬಿಟಿಎಂನ ಅವರ ಬಾಡಿಗೆ ಮನೆಗೆ ಓಡಿದೆ.

ಟೋಕನ್ ಎಲ್ಲಿ ಎಂದು ಕೇಳಿದ್ದಕ್ಕೆ ಅವರು ಹೇಳಿದರು: "ಜ್ವಾಕಿ ಇರ್ಲಿ ಅಂತ ಅವ್ವ ಅದನ್ನ ದೇವರ ಮುಂದ ಇಟ್ಟಿದ್ಲು. ಈಗ ನಮಗ ಸೂತಕ, ದೇವರ ಮುಂದಿಂದು ಮುಟ್ಟಂಗಿಲ್ಲ. ನೀವ ತಗೀರಿ ಸರ."

ದೇವರಿಗೆ ಕೈಮುಗಿದು ತೆಗೆದೆ. ಮೇಲಿದ್ದ ಕುಂಕುಮ ಒರೆಸಿ ನಂಬರ್ ಓದಿದೆ. ಅವರು ಅಳುತ್ತಲೇ ಅದನ್ನು ಲ್ಯಾಪ್‌ಟಾಪಿನಲ್ಲಿ ಒತ್ತಿ, ಮೇಲ್‌ಗೆ ಉತ್ತರ ಕಳಿಸಿದರು. ಕೆಲಸವೇನೋ ಉಳಿಯಿತು.

ಮನೆಗೆ ಬಂದು ಸ್ನಾನ ಮಾಡಿದೆ, ಮೈಲಿಗೆ ಹೋಯಿತು. ಕಂಪನಿಯ ನಿಯಮ ಮುರಿದವನಿಗೆ ಯಾವ ಸ್ನಾನವೋ, ಕೈಪಿಡಿಯಲ್ಲಿ ಬರೆದಿರಲಿಲ್ಲ.