ಬದಲಿ ಡ್ರೈವರ್ ಮತ್ತು ಹೆಸರಿಲ್ಲದ ವಾರಂಟ್

ಅದು 2007ನೇ ಇಸವಿ. ನಾನಾಗ ಹೊಸಪೇಟೆಯಲ್ಲಿ ವಕೀಲ. ಅದಿರಿನ ಹಣ ಊರನ್ನೆಲ್ಲ ಮೇಲೆತ್ತಿದ್ದ ಕಾಲ. ನಾನು ಮಾತ್ರ ಹಳೇ ಸ್ಕೂಟರಿನ ಮೇಲೆಯೇ ಇದ್ದೆ. ನನ್ನ ಜೊತೆ ಓದಿದ ಪಂಪಾಪತಿ ಲಾರಿ ಮಾಲೀಕರ ವಕೀಲನಾಗಿ ಬಿಳಿ ಕಾರು ಕೊಂಡಿದ್ದ. ಆ ಕಾರು ಕೋರ್ಟಿನ ಬೇವಿನ ಮರದಡಿ ನಿಂತ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಸಂಡೂರಿನ ಗಣಿ ರಸ್ತೆಯಲ್ಲಿ ಆಗ ಡ್ರೈವರುಗಳನ್ನು ಯಾರೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಲಾರಿ ನಂಬರಿನಿಂದಲೇ ಗುರುತು. ಒಬ್ಬನಿಗೆ ಸುಸ್ತಾದರೆ ಇನ್ನೊಬ್ಬ ಬದಲಿಯಾಗಿ ಹತ್ತುತ್ತಿದ್ದ. ಅಂಥದೊಂದು ಲಾರಿ ಬೈಕ್ ಸವಾರನ ಕಾಲು ಮುರಿದು, ನಿಲ್ಲದೇ ಹೋಯಿತು. ಹೊರಟ ವಾರಂಟಿನಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ ‘ಸದರಿ ಲಾರಿಯ ಚಾಲಕ’ ಎಂದಷ್ಟೇ ಇತ್ತು. ಕಮಲಾಪುರದ ಬಳಿ ಪೊಲೀಸರು ಲಾರಿ ತಡೆದಾಗ ಸ್ಟೇರಿಂಗ್ ಹಿಡಿದಿದ್ದವನು ಮೆಟ್ರಿ ಎಂಬ ಹಳ್ಳಿಯ ಬಸಣ್ಣ, ಅವತ್ತಷ್ಟೇ ಹತ್ತಿದ್ದ ಬದಲಿ. “ನಾ ಅಲ್ರೀ” ಎಂದು ಕೈ ಕೊಸರಿಕೊಂಡಿದ್ದಕ್ಕೆ, ಕರ್ತವ್ಯಕ್ಕೆ ಅಡ್ಡಿ ಮಾಡಿದನೆಂದು ಇನ್ನೊಂದು ಕೇಸು ಬಿತ್ತು.

ಅವನ ಹೆಂಡತಿ ನೀಲಮ್ಮ ನನ್ನ ಕಚೇರಿಗೆ ಬಂದಳು. “ಸಾಹೇಬ್ರ, ಲೈಸೆನ್ಸ್ ಹೋದ್ರ ನಮ್ಮ ಮನಿ ಮುಳುಗ್ತೈತ್ರಿ. ಹೆಂಗರ ಮಾಡಿ ಬಿಡಿಸ್ರಿ.”

ಯಾರನ್ನು ಹಿಡಿಯಬೇಕೆಂದು ಹೇಳದ ವಾರಂಟ್ ಊರ್ಜಿತವಲ್ಲ, ಅಂಥ ಬಂಧನಕ್ಕೆ ಕೊಸರಾಡಿದ್ದು ಅಪರಾಧವೂ ಅಲ್ಲ ಎಂದು ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ. ನ್ಯಾಯಾಧೀಶರು ಅಡ್ಡಿಯ ಕೇಸಿನಿಂದ ಬಸಣ್ಣನನ್ನು ಕೈಬಿಟ್ಟು, ಬಂಧನದಿಂದಲೂ ಬಿಡಿಸಿದರು. ಆದರೆ, “ವಾರಂಟ್ ತಪ್ಪಾದರೆ ಬಂಧನ ತಪ್ಪಾಗುತ್ತದೆ ವಕೀಲರೇ, ಅಪಘಾತದ ಆರೋಪ ಅಳಿಯುವುದಿಲ್ಲ” ಎಂದರು.

ಅದು ಅಳಿಯಬೇಕಾದರೆ ಅಪಘಾತದ ದಿನ ಲಾರಿ ಓಡಿಸಿದ್ದು ಯಾರೆಂದು ಮಾಲೀಕ ಬಾಯಿ ಬಿಡಬೇಕು. ಓಡಿಸಿದ್ದವನು ಅವನದೇ ಭಾಮೈದ ಎಂದು ಡ್ರೈವರುಗಳೆಲ್ಲ ಮಾತಾಡಿಕೊಳ್ಳುತ್ತಿದ್ದರು. ಆ ಮಾಲೀಕನ ವಕೀಲ ಪಂಪಾಪತಿ! ಹಲ್ಲು ಕಚ್ಚಿಕೊಂಡು ಬಿಳಿ ಕಾರಿನ ಹತ್ತಿರ ಹೋಗಿ ವಿಷಯ ಹೇಳಿದೆ.

“ಭಾಮೈದನ್ನ ಉಳಿಸಾಕ ಬಡವನ್ನ ಒಳಗ ಹಾಕೂದು ಬ್ಯಾಡ. ನಾ ಮಾತಾಡ್ತೀನಿ, ನೀ ಚಿಂತಿ ಬಿಡಲೇ” ಎಂದ.

ಪಂಪಾಪತಿಯ ಒತ್ತಾಯಕ್ಕೆ ಮಣಿದು ಕೆಲವೇ ದಿನಗಳಲ್ಲಿ ಭಾಮೈದ ಕೋರ್ಟಿಗೆ ಶರಣಾದ, ಬಸಣ್ಣ ಬಚಾವಾದ. ಆ ಸಿಟ್ಟಿಗೆ ಮಾಲೀಕ ತನ್ನ ಫೈಲುಗಳನ್ನೆಲ್ಲ ಪಂಪಾಪತಿಯಿಂದ ವಾಪಸು ಪಡೆದ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಇನ್ನಷ್ಟು ಉರಿಯಿತು. ಕಾರಾದರೆ ನಾನೂ ಎಂದಾದರೂ ಕೊಳ್ಳಬಹುದಿತ್ತು, ಇಂಥ ದೊಡ್ಡತನ ಎಲ್ಲಿಂದ ತರಲಿ?

ವಾರಂಟಿನ ತಪ್ಪು ಹಿಡಿದರೆ ಮನುಷ್ಯ ಹೊರಗೆ ಬರುತ್ತಾನೆ. ಅವನ ಮೇಲಿನ ಕಳಂಕ ಹೋಗಲು ಯಾರಾದರೂ ನಷ್ಟ ಮಾಡಿಕೊಂಡು ನಿಜ ಹೇಳಿಸಬೇಕು. ಕಸುಬು ಕಲಿಸಿದ್ದು ಇದು. ನೀಲಮ್ಮ ಬಾಳೆಗೊನೆ ಹೊತ್ತು ನೇರ ಪಂಪಾಪತಿಯ ಮನೆಗೆ ಹೋದಳು. ಅವನು, “ವಾದ ಮಾಡಿದಾಂವ ಅವ” ಎಂದು ಅರ್ಧ ಗೊನೆ ನನ್ನ ಮನೆಗೆ ಕಳಿಸಿದ. ಅದಕ್ಕೂ ಹೊಟ್ಟೆ ಉರಿಯಿತು. ಹಣ್ಣು ಮಾತ್ರ ಒಂದೂ ಬಿಡದೆ ತಿಂದೆ.